ಡಿಮೆನ್ಷಿಯಾ: ಕೆಲಸ ಶುರುವಾಗಬೇಕಾದ ಜಾಗ ಪ್ರಾಥಮಿಕ ಆರೋಗ್ಯ ಕೇಂದ್ರ

ಎಲ್ಲರಿಗೂ ನಮಸ್ಕಾರ. ಈ ಸಭೆಯಲ್ಲಿ ತಾಲ್ಲೂಕು ಆಸ್ಪತ್ರೆಯ ವೈದ್ಯರಿದ್ದೀರಿ, ನರ್ಸ್‌ಗಳಿದ್ದೀರಿ, ಆಶಾ ಕಾರ್ಯಕರ್ತೆಯರಿದ್ದೀರಿ. ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ ಇರುವ ಅಪ್ಪನನ್ನೋ ಅತ್ತೆಯನ್ನೋ ಬೇರೆಯವರ ಸುಪರ್ದಿಗೆ ಬಿಟ್ಟು, ಎರಡು ಗಂಟೆ ಬಿಡುವು ಮಾಡಿಕೊಂಡು ಬಂದವರೂ ಇದ್ದೀರಿ. ಜಗತ್ತಿನ ಲೆಕ್ಕದಿಂದ ಶುರುಮಾಡಿದರೂ ಬೇಗ ಹಳ್ಳಿಗೆ, ಮನೆಗೆ, ಬಚ್ಚಲಿಗೆ ಬರುತ್ತೇನೆ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನ 5.7 ಕೋಟಿ ಜನರಿಗೆ ಡಿಮೆನ್ಷಿಯಾ ಇತ್ತು. ವರ್ಷಕ್ಕೆ ಸುಮಾರು 1 ಕೋಟಿ ಹೊಸಬರು ಸೇರುತ್ತಿದ್ದಾರೆ. ಇವರಲ್ಲಿ ನೂರಕ್ಕೆ 60ಕ್ಕಿಂತ ಹೆಚ್ಚು ಜನ ಇರುವುದು ಕಡಿಮೆ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ. 2019ರಲ್ಲಿ ಈ ಕಾಯಿಲೆಯ ಒಟ್ಟು ವೆಚ್ಚ 1.3 ಲಕ್ಷ ಕೋಟಿ ಡಾಲರ್ ಎಂದು ಲೆಕ್ಕ ಹಾಕಿದ್ದಾರೆ. ಅದರಲ್ಲಿ ಸುಮಾರು ಅರ್ಧ ಭಾಗ ಯಾವ ಸರ್ಕಾರವೂ ಕೊಟ್ಟ ಹಣವಲ್ಲ. ಮನೆಯವರು ಸಂಬಳವಿಲ್ಲದೆ ಮಾಡಿದ ಆರೈಕೆಯ ಬೆಲೆ ಅದು, ದಿನಕ್ಕೆ ಸರಾಸರಿ 5 ಗಂಟೆ. ಆ ಆರೈಕೆಯ ಗಂಟೆಗಳಲ್ಲಿ ನೂರಕ್ಕೆ 70 ಹೆಂಗಸರದ್ದು.

ನಮ್ಮ ದೇಶದ ಚಿತ್ರ ಸ್ಪಷ್ಟವಾಗಿ ಸಿಕ್ಕಿದ್ದು ಲಾಸಿ-ಡ್ಯಾಡ್ ಎಂಬ ರಾಷ್ಟ್ರಮಟ್ಟದ ಅಧ್ಯಯನದಿಂದ. 60 ದಾಟಿದವರಲ್ಲಿ ನೂರಕ್ಕೆ 7.4 ಜನರಿಗೆ ಡಿಮೆನ್ಷಿಯಾ ಇದೆ, ಅಂದರೆ ಸುಮಾರು 88 ಲಕ್ಷ ಜನರಿಗೆ. 2036ರ ಹೊತ್ತಿಗೆ ಇದು 1.7 ಕೋಟಿಯ ಹತ್ತಿರ ಹೋಗಬಹುದು. ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು, ಪೇಟೆಗಿಂತ ಹಳ್ಳಿಯಲ್ಲಿ ಹೆಚ್ಚು. ಇದು ನಗರದ ಶ್ರೀಮಂತ ಮುದುಕರ ಕಾಯಿಲೆ ಎಂದುಕೊಂಡವರು ಈ ಎರಡು ಸಂಗತಿಗಳನ್ನು ನೆನಪಿಡಬೇಕು. ನರರೋಗ ತಜ್ಞರು ಇರುವುದು ನಗರದಲ್ಲಿ, ಕಾಯಿಲೆ ಹೆಚ್ಚಿರುವುದು ಹಳ್ಳಿಯಲ್ಲಿ. ಹಾಗಾಗಿ ತಜ್ಞರನ್ನೇ ನೆಚ್ಚಿಕೊಂಡ ಯಾವ ಯೋಜನೆಯೂ ನಮ್ಮಲ್ಲಿ ನಡೆಯುವುದಿಲ್ಲ. ಆಶಾ ಕಾರ್ಯಕರ್ತೆ, ಸಮುದಾಯ ಆರೋಗ್ಯ ಅಧಿಕಾರಿ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು, ಈ ಮೂವರ ಕೈಯಲ್ಲಿ ಮಾಡಿಸಬಹುದಾದ ಕೆಲಸವನ್ನೇ ಯೋಜನೆ ಎಂದು ಕರೆಯಬೇಕು. ಇವತ್ತು ನಾನು ಹೇಳುವುದೆಲ್ಲ ಆ ಒಂದೇ ಮಾತಿನ ವಿವರ.

ಜಾಗತಿಕ ಯೋಜನೆಯ ಕಥೆ ಚಿಕ್ಕದಾಗಿ ಹೇಳಿಬಿಡುತ್ತೇನೆ. 2012ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಡಿಮೆನ್ಷಿಯಾವನ್ನು ಸಾರ್ವಜನಿಕ ಆರೋಗ್ಯದ ಆದ್ಯತೆ ಎಂದು ಕರೆದು ವರದಿ ತಂದಿತು. 2013ರ ಡಿಸೆಂಬರ್‌ನಲ್ಲಿ ಲಂಡನ್‌ನಲ್ಲಿ ಜಿ8 ದೇಶಗಳು ಇದಕ್ಕೆಂದೇ ಸೇರಿದವು. 2017ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಭೆ 2025ರವರೆಗಿನ ಕ್ರಿಯಾ ಯೋಜನೆಗೆ ಒಪ್ಪಿಗೆ ಕೊಟ್ಟಿತು. ನೂರಕ್ಕೆ 75 ದೇಶಗಳು ತಮ್ಮದೇ ಡಿಮೆನ್ಷಿಯಾ ನೀತಿ ಮಾಡಬೇಕು ಎಂಬುದು ಅದರ ಮೊದಲ ಗುರಿ. ನಾಲ್ಕು ವರ್ಷ ಕಳೆದು 2021ರಲ್ಲಿ ನೋಡಿದಾಗ ಅಂಥ ನೀತಿ ಇದ್ದದ್ದು ಕಾಲು ಭಾಗದಷ್ಟು ದೇಶಗಳಲ್ಲಿ ಮಾತ್ರ, ಅವುಗಳಲ್ಲಿ ಅರ್ಧ ಯುರೋಪಿನವು. ಗುರಿ ಮುಟ್ಟಲಾಗದೆ 2025ರಲ್ಲಿ ಯೋಜನೆಯ ಅವಧಿಯನ್ನು 2031ಕ್ಕೆ ವಿಸ್ತರಿಸಿದರು. ನೀತಿ ಬರೆದ ಮೇಲೂ ಅದಕ್ಕೆ ಹಣ, ಸಿಬ್ಬಂದಿ, ಜವಾಬ್ದಾರಿ ಹೊರುವ ಒಬ್ಬ ಅಧಿಕಾರಿ ಇಲ್ಲದಿದ್ದರೆ ಅದು ಕಪಾಟಿನಲ್ಲಿ ಉಳಿಯುತ್ತದೆ.

ಇಲ್ಲಿ ಭಾರತದ ಪಾತ್ರವನ್ನೂ ಹೇಳಬೇಕು. 1998ರ ಸುಮಾರಿನ ಲೆಕ್ಕದಂತೆ ಡಿಮೆನ್ಷಿಯಾ ಇರುವವರಲ್ಲಿ ನೂರಕ್ಕೆ 66 ಜನ ಅಭಿವೃದ್ಧಿಶೀಲ ದೇಶಗಳಲ್ಲಿದ್ದರು, ಆದರೆ ನೂರಕ್ಕೆ 10ಕ್ಕಿಂತ ಕಡಿಮೆ ಸಂಶೋಧನೆ ಅವರ ಮೇಲೆ ನಡೆಯುತ್ತಿತ್ತು. ಈ ಅನ್ಯಾಯವನ್ನೇ ಹೆಸರಾಗಿಸಿಕೊಂಡ 10/66 ಸಂಶೋಧನಾ ಗುಂಪು ಹುಟ್ಟಿದ್ದು 1998ರಲ್ಲಿ, ಕೊಚ್ಚಿಯಲ್ಲಿ. ಇವತ್ತು ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ, ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರ 45 ದಾಟಿದ 10,000 ಜನರನ್ನು ವರ್ಷಗಟ್ಟಲೆ ಹಿಂಬಾಲಿಸುವ ಗುರಿಯ ಅಧ್ಯಯನ ನಡೆಸುತ್ತಿದೆ. ನಿಮ್ಹಾನ್ಸ್ ಜೊತೆಗೂಡಿ ರಾಜ್ಯ ಸರ್ಕಾರ 2022ರಲ್ಲಿ ಕರ್ನಾಟಕ ಮಿದುಳು ಆರೋಗ್ಯ ಕಾರ್ಯಕ್ರಮವನ್ನು ಕೋಲಾರ, ಚಿಕ್ಕಬಳ್ಳಾಪುರ ಮತ್ತು ಬೆಂಗಳೂರಿನ ಜಯನಗರದ ಆಸ್ಪತ್ರೆಗಳಿಂದ ಆರಂಭಿಸಿ, ನಂತರ ಬೇರೆ ಜಿಲ್ಲೆಗಳಿಗೂ ಹಬ್ಬಿಸಿತು. ಅಡಿಪಾಯ ಇದೆ. ಅದರ ಮೇಲೆ ಏನು ಕಟ್ಟಬೇಕು ಎಂಬುದೇ ಈಗಿನ ಪ್ರಶ್ನೆ.

ಗುರುತಿಸುವುದು

"ಅರವತ್ತಕ್ಕೆ ಅರಳುಮರಳು, ಅದಕ್ಕೇನು ಆಸ್ಪತ್ರೆ?" ಎನ್ನುವವರು ಮನೆಯಲ್ಲೂ ಇದ್ದಾರೆ, ಆಸ್ಪತ್ರೆಯಲ್ಲೂ ಇದ್ದಾರೆ. ವಯಸ್ಸಾದಾಗ ಹೆಸರು ತಟ್ಟನೆ ಹೊಳೆಯದಿರುವುದು ಸಹಜ, ಸ್ವಲ್ಪ ಹೊತ್ತಿಗೆ ಹೊಳೆಯುತ್ತದೆ. ಮೂವತ್ತು ವರ್ಷ ಮಾಡಿದ ಸಾರಿನ ಕ್ರಮ ತಪ್ಪುವುದು, ನೂರು ರೂಪಾಯಿ ಕೊಟ್ಟು ಚಿಲ್ಲರೆ ಎಷ್ಟು ಬರಬೇಕೆಂದು ಗೊತ್ತಾಗದಿರುವುದು, ಊಟ ಮಾಡಿದ್ದನ್ನು ಮರೆತು ಮತ್ತೆ ತಟ್ಟೆ ಕೇಳುವುದು ಸಹಜವಲ್ಲ.

ಆಶಾ ಕಾರ್ಯಕರ್ತೆಯರು ಮನೆಮನೆಯಲ್ಲಿ ತುಂಬುವ ಸಿಬ್ಯಾಕ್ ನಮೂನೆಯಲ್ಲಿ 60 ದಾಟಿದವರಿಗೆಂದು ಕೆಲವು ಪ್ರಶ್ನೆಗಳಿವೆ. ಅದರಲ್ಲಿ ಒಂದು, ಹತ್ತಿರದವರ ಹೆಸರು ಅಥವಾ ಸ್ವಂತ ಮನೆಯ ವಿಳಾಸ ಮರೆಯುತ್ತೀರಾ ಎಂಬುದು. ಈ ಪ್ರಶ್ನೆ ನಮೂನೆಯಲ್ಲಿರುವುದು ದೊಡ್ಡ ವಿಷಯ. ಆದರೆ ಎರಡು ತೊಡಕುಗಳಿವೆ. ಮಗನ ಹೆಸರು ಮರೆಯುವ ಹೊತ್ತಿಗೆ ಕಾಯಿಲೆ ಬಹಳ ಮುಂದೆ ಹೋಗಿರುತ್ತದೆ. ಎರಡನೆಯದು, ಮರೆಯುವವರನ್ನೇ ಮರೆಯುತ್ತೀರಾ ಎಂದು ಕೇಳಿದರೆ ಇಲ್ಲ ಎಂದೇ ಹೇಳುತ್ತಾರೆ, ಏಕೆಂದರೆ ತನಗೆ ತೊಂದರೆಯಿದೆ ಎಂಬ ಅರಿವನ್ನೂ ಈ ಕಾಯಿಲೆ ಕಸಿಯುತ್ತದೆ. ಆದ್ದರಿಂದ ಪ್ರಶ್ನೆಯನ್ನು ಜೊತೆಗಿರುವ ಸೊಸೆಗೋ ಹೆಂಡತಿಗೋ ಕೇಳಿ, ಅದೂ ಸ್ವಲ್ಪ ಪಕ್ಕಕ್ಕೆ ಕರೆದು. ಹರಿಯಾಣದ ಬಲ್ಲಭ್‌ಗಢದಲ್ಲಿ ನಮ್ಮ ಹಳ್ಳಿಗಳಿಗೆಂದೇ ರೂಪಿಸಿದ 'ಈಸಿ' ಎಂಬ ಪ್ರಶ್ನಾವಳಿ ಇಂಥದ್ದನ್ನೇ ಕೇಳುತ್ತದೆ: ಆಗ ತಾನೇ ಉಂಡದ್ದು ನೆನಪಿರುತ್ತದೆಯೇ, ಊರಲ್ಲಿ ದಾರಿ ತಪ್ಪುತ್ತಾರೆಯೇ, ಹಬ್ಬಗಳು ನೆನಪಿವೆಯೇ, ಮನೆಯ ಮದುವೆಯಂಥ ವಿಷಯದಲ್ಲಿ ಅಭಿಪ್ರಾಯ ಹೇಳುತ್ತಾರೆಯೇ. ಇದಕ್ಕೆ ಓದು ಬರಹ ಬೇಕಿಲ್ಲ.

ಓದು ಬರಹದ ಮಾತನ್ನು ಒತ್ತಿ ಹೇಳುತ್ತೇನೆ. ಪಾಶ್ಚಾತ್ಯ ದೇಶಗಳಿಂದ ಬಂದ 30 ಅಂಕಗಳ ಪರೀಕ್ಷೆಯನ್ನು ಹಾಗೇ ತಂದು ಶಾಲೆಯ ಮೆಟ್ಟಿಲು ಹತ್ತದ ಅಜ್ಜಿಯ ಮುಂದಿಟ್ಟು, ನೂರರಿಂದ ಏಳೇಳು ಕಳೆಯುತ್ತಾ ಹೋಗಿ, ಒಂದು ವಾಕ್ಯ ಬರೆಯಿರಿ, ಐದು ಮೂಲೆಯ ಚಿತ್ರ ಬಿಡಿಸಿ ಎಂದರೆ ಆಕೆ ಸೋಲುತ್ತಾಳೆ. ಆ ಸೋಲು ಕಾಯಿಲೆಯದ್ದಲ್ಲ. ಇವತ್ತು ತಾರೀಕು ಎಷ್ಟು ಎಂದರೆ ಗೊತ್ತಿಲ್ಲ ಎನ್ನುವ ಆಕೆ, ಇವತ್ತು ಅಮಾವಾಸ್ಯೆ ಕಳೆದು ಎಷ್ಟನೇ ದಿನ ಎಂದು ಲೆಕ್ಕ ಹಾಕಿ ಹೇಳಬಲ್ಲಳು. ಇದಕ್ಕೆ ತದ್ವಿರುದ್ಧ ತಪ್ಪೂ ಆಗುತ್ತದೆ. ನಿವೃತ್ತ ಪ್ರಾಧ್ಯಾಪಕರು 30ಕ್ಕೆ 27 ತೆಗೆದರೆಂದು ಏನೂ ಇಲ್ಲ ಎಂದು ಕಳಿಸುತ್ತಾರೆ, ಅವರ ಹಿಂದಿನ ಮಟ್ಟಕ್ಕೆ ಹೋಲಿಸಿದರೆ ಅದು ದೊಡ್ಡ ಇಳಿಕೆಯಾಗಿರಬಹುದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಸಿದ್ಧಪಡಿಸಿದ ಪರೀಕ್ಷೆಗಳ ಪೆಟ್ಟಿಗೆ ಕನ್ನಡದಲ್ಲೂ ಇದೆ, ಜಿಲ್ಲಾ ಮಟ್ಟದಲ್ಲಿ ಅದನ್ನು ಬಳಸುವ ಮನಶ್ಶಾಸ್ತ್ರಜ್ಞರು ಬೇಕು.

ವೈದ್ಯರು ಮೊದಲು ಕೇಳಬೇಕಾದದ್ದು: ಎಷ್ಟು ದಿನದಿಂದ? ನಿನ್ನೆ ಮೊನ್ನೆಯಿಂದ ಗೊಂದಲ, ಬೆಳಿಗ್ಗೆ ಸರಿ ಸಂಜೆ ತಪ್ಪು, ಮಾತಿನ ಮೇಲೆ ಗಮನವೇ ನಿಲ್ಲುತ್ತಿಲ್ಲ ಎಂದರೆ ಅದು ಡೆಲಿರಿಯಂ. ಮೂತ್ರದ ಸೋಂಕು, ನ್ಯುಮೋನಿಯಾ, ಗಟ್ಟಿ ಮಲಬದ್ಧತೆ, ಮೂತ್ರ ಕಟ್ಟಿಕೊಂಡಿರುವುದು, ಹೊಸ ಮಾತ್ರೆ, ಸೋಡಿಯಂ ಇಳಿದಿರುವುದು, ಇವುಗಳನ್ನು ಹುಡುಕಿ. ರಕ್ತದೊತ್ತಡಕ್ಕೆ ಥಯಾಜೈಡ್ ಗುಂಪಿನ ಮಾತ್ರೆ ನುಂಗುವ ವಯಸ್ಸಾದವರಲ್ಲಿ ಸೋಡಿಯಂ ಇಳಿಯುವುದು ಬಹಳ ಸಾಮಾನ್ಯ. ಡೆಲಿರಿಯಂ ತುರ್ತು ಸ್ಥಿತಿ, ಮುಂದಿನ ವಾರ ಬನ್ನಿ ಎನ್ನುವಂತಿಲ್ಲ. ಕೆಲವು ವಾರಗಳಿಂದ ಮಂಕು, ಅದಕ್ಕೂ ಮೊದಲು ಬಚ್ಚಲಲ್ಲಿ ಜಾರಿಬಿದ್ದ ನೆನಪು ಇದ್ದರೆ ತಲೆಬುರುಡೆಯೊಳಗೆ ರಕ್ತ ಹೆಪ್ಪುಗಟ್ಟಿರಬಹುದು, ಸಿಟಿ ಸ್ಕ್ಯಾನ್ ಬೇಕು. ಕಾಲು ನೆಲಕ್ಕೆ ಅಂಟಿದಂತೆ ನಡಿಗೆ, ಮೂತ್ರ ತಡೆಯಲಾಗದಿರುವುದು, ಮರೆವು, ಈ ಮೂರೂ ಕೂಡಿಬಂದರೆ ಮಿದುಳಿನ ಕುಹರಗಳಲ್ಲಿ ನೀರು ತುಂಬುವ ಸ್ಥಿತಿಯನ್ನು ಯೋಚಿಸಿ, ಅದಕ್ಕೆ ಆ ನೀರನ್ನು ನಳಿಗೆಯಿಂದ ಹೊರಹರಿಸುವ ಶಂಟ್ ಶಸ್ತ್ರಚಿಕಿತ್ಸೆ ಇದೆ. ವರ್ಷಗಳಿಂದ ನಿಧಾನವಾಗಿ ಇಳಿಯುತ್ತಿದ್ದರೆ ಆಲ್ಝೈಮರ್ ಕಾಯಿಲೆಯ ಸಾಧ್ಯತೆ ಹೆಚ್ಚು, ಒಟ್ಟು ಡಿಮೆನ್ಷಿಯಾದಲ್ಲಿ ನೂರಕ್ಕೆ 60ರಿಂದ 70 ಅದೇ.

ರಕ್ತ ಪರೀಕ್ಷೆಗಳ ಪಟ್ಟಿ ಉದ್ದವಲ್ಲ. ಹಿಮೋಗ್ಲೋಬಿನ್ ಮತ್ತು ರಕ್ತಕಣಗಳ ಎಣಿಕೆ, ವಿಟಮಿನ್ ಬಿ12, ಥೈರಾಯ್ಡ್‌ನ ಟಿಎಸ್‌ಎಚ್, ಸೋಡಿಯಂ, ಪೊಟ್ಯಾಸಿಯಂ, ಕ್ಯಾಲ್ಸಿಯಂ, ಸಕ್ಕರೆ, ಕ್ರಿಯಾಟಿನಿನ್, ಲಿವರ್ ಪರೀಕ್ಷೆ, ಅನುಮಾನವಿದ್ದರೆ ಸಿಫಿಲಿಸ್ ಮತ್ತು ಎಚ್‌ಐವಿ. ಇದರಲ್ಲಿ ಬಿ12ನ್ನು ನಮ್ಮಲ್ಲಿ ಯಾವತ್ತೂ ಬಿಡಬೇಡಿ. ಹಾಲು ಮೊಸರೂ ಕಡಿಮೆ ತಿನ್ನುವ ಸಸ್ಯಾಹಾರಿಗಳು, ವರ್ಷಗಟ್ಟಲೆ ಮೆಟ್‌ಫಾರ್ಮಿನ್ ನುಂಗುವ ಸಕ್ಕರೆ ಕಾಯಿಲೆಯವರು, ಗ್ಯಾಸ್ಟ್ರಿಕ್‌ಗೆಂದು ದಿನಾ ಬೆಳಿಗ್ಗೆ ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್ ತೆಗೆದುಕೊಳ್ಳುವವರು, ಮೂವರಲ್ಲೂ ಇದು ಇಳಿಯುತ್ತದೆ. ರಕ್ತಹೀನತೆ ಎಂದು ಬಿ12 ನೋಡದೆ ಫೋಲಿಕ್ ಆಸಿಡ್ ಒಂದನ್ನೇ ಕೊಟ್ಟರೆ ರಕ್ತ ಸುಧಾರಿಸಿದಂತೆ ಕಂಡು ನರಗಳ ಹಾನಿ ಒಳಗೊಳಗೇ ಮುಂದುವರಿಯುತ್ತದೆ. ಮೆದುಳನ್ನು ಮಂಕಾಗಿಸುವ ಮಾತ್ರೆಗಳನ್ನೂ ಹುಡುಕಿ. ಶೀತದ ಮಾತ್ರೆಯಲ್ಲಿರುವ ಕ್ಲೋರ್‌ಫೆನಿರಮಿನ್, ನಿದ್ದೆಯ ಆಲ್ಪ್ರಜೋಲಂ, ನೋವಿಗೆ ಕೊಟ್ಟ ಅಮಿಟ್ರಿಪ್ಟಿಲಿನ್, ಮೂತ್ರಕ್ಕೆ ಕೊಟ್ಟ ಆಕ್ಸಿಬ್ಯುಟಿನಿನ್, ನಡುಕಕ್ಕೆ ಕೊಟ್ಟ ಟ್ರೈಹೆಕ್ಸಿಫೆನಿಡಿಲ್. ಮನೆಯವರಿಗೆ ಚೀಟಿ ತನ್ನಿ ಎನ್ನಬೇಡಿ, ಮಾತ್ರೆಗಳ ಚೀಲವನ್ನೇ ತನ್ನಿ ಎನ್ನಿ. ಮೆಡಿಕಲ್ ಶಾಪಿನಿಂದ ನೇರ ತಂದದ್ದು ಚೀಟಿಯಲ್ಲಿ ಇರುವುದಿಲ್ಲ. ಹಾಗೆಯೇ ಖಿನ್ನತೆಯನ್ನು ಕೇಳಿ: ಸಂಗಾತಿ ತೀರಿಕೊಂಡ ಮೇಲೆ ಶುರುವಾಯಿತೇ, ಪ್ರತಿ ಪ್ರಶ್ನೆಗೂ "ನನಗೆ ಗೊತ್ತಿಲ್ಲ, ಬಿಡಿ" ಎನ್ನುತ್ತಾರೆಯೇ? ಇವೆಲ್ಲ ಮಾಡಿದ ಮೇಲೆ ಪೂರ್ತಿ ಸರಿಹೋಗುವವರು ಕೆಲವರೇ. ಆದರೆ ಆ ಕೆಲವರನ್ನು ಕೈಬಿಡುವುದಕ್ಕೆ ಯಾವ ಸಮರ್ಥನೆಯೂ ಇಲ್ಲ, ಉಳಿದವರಲ್ಲೂ ಮಂಕು ಒಂದಿಷ್ಟು ಕಡಿಮೆಯಾಗುತ್ತದೆ.

ತಡೆಯಬಹುದಾದಷ್ಟನ್ನು ತಡೆಯುವುದು

ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್ ನೇಮಿಸಿದ ಆಯೋಗದ 2024ರ ವರದಿ 14 ಅಪಾಯಕಾರಿ ಅಂಶಗಳನ್ನು ಪಟ್ಟಿ ಮಾಡಿದೆ. ಅವೆಲ್ಲವನ್ನೂ ಇಲ್ಲವಾಗಿಸಿದರೆ ಜಗತ್ತಿನ ಡಿಮೆನ್ಷಿಯಾದಲ್ಲಿ ನೂರಕ್ಕೆ 45ರಷ್ಟನ್ನು ತಡೆಯಬಹುದು ಅಥವಾ ಮುಂದೂಡಬಹುದು ಎಂಬ ಲೆಕ್ಕ. ಒಬ್ಬ ವ್ಯಕ್ತಿಗೆ ಸಿಗುವ ಭರವಸೆ ಎಂದು ಇದನ್ನು ಓದಬಾರದು, ಎಲ್ಲ ಸರಿಯಾಗಿ ಬದುಕಿದವರಿಗೂ ಈ ಕಾಯಿಲೆ ಬರುತ್ತದೆ. ಇಡೀ ಸಮುದಾಯದ ಮಟ್ಟದ ಲೆಕ್ಕ ಇದು. ಕಡಿಮೆ ಶಾಲಾ ಶಿಕ್ಷಣ, ಕಿವುಡು, ಹೆಚ್ಚಿನ ಎಲ್‌ಡಿಎಲ್ ಕೊಲೆಸ್ಟರಾಲ್, ಖಿನ್ನತೆ, ತಲೆಗೆ ಪೆಟ್ಟು, ಚಟುವಟಿಕೆ ಇಲ್ಲದಿರುವುದು, ಸಕ್ಕರೆ ಕಾಯಿಲೆ, ಧೂಮಪಾನ, ರಕ್ತದೊತ್ತಡ, ಬೊಜ್ಜು, ಮಿತಿಮೀರಿದ ಮದ್ಯಪಾನ, ಒಂಟಿತನ, ವಾಯುಮಾಲಿನ್ಯ, ದೃಷ್ಟಿ ಕುಗ್ಗುವುದು. ಎಲ್ಲದರ ಬಗ್ಗೆಯೂ ಮಾತಾಡುವುದಿಲ್ಲ, ನಮ್ಮ ಕೈಗೆ ಬೇಗ ಎಟುಕುವ ಮೂರನ್ನು ಹಿಡಿಯುತ್ತೇನೆ.

ಮೊದಲನೆಯದು ರಕ್ತದೊತ್ತಡ. ಚೀನಾದ 326 ಹಳ್ಳಿಗಳಲ್ಲಿ 33,995 ಜನರ ಮೇಲೆ ನಡೆದ ಪ್ರಯೋಗದ ಫಲಿತಾಂಶ 2025ರಲ್ಲಿ ಬಂತು. ಅಲ್ಲಿ ಚಿಕಿತ್ಸೆ ನಡೆಸಿದವರು ಹೃದ್ರೋಗ ತಜ್ಞರಲ್ಲ, ಪೂರ್ಣ ವೈದ್ಯ ಪದವಿ ಇಲ್ಲದ ಹಳ್ಳಿಯ ಆರೋಗ್ಯ ಕಾರ್ಯಕರ್ತರು. ಅವರಿಗೆ ಸರಳ ಕ್ರಮದ ಪಟ್ಟಿ ಕೊಟ್ಟರು, ಮೇಲೆ ವೈದ್ಯರ ಉಸ್ತುವಾರಿ ಇಟ್ಟರು, ಅಗ್ಗದ ಮಾತ್ರೆ ಕೊಟ್ಟರು, ಮನೆಯಲ್ಲೇ ಒತ್ತಡ ನೋಡಿಕೊಳ್ಳುವುದನ್ನು ಕಲಿಸಿದರು, 130/80ಕ್ಕಿಂತ ಕೆಳಗೆ ತರುವ ಗುರಿ ಇಟ್ಟರು. ನಾಲ್ಕು ವರ್ಷಗಳಲ್ಲಿ ಮಾಮೂಲಿ ಚಿಕಿತ್ಸೆಯ ಹಳ್ಳಿಗಳಿಗಿಂತ ಡಿಮೆನ್ಷಿಯಾ ನೂರಕ್ಕೆ 15ರಷ್ಟು ಕಡಿಮೆಯಾಯಿತು. ನನ್ನ ಮಟ್ಟಿಗೆ ನಮ್ಮಂಥ ದೇಶಕ್ಕೆ ಇತ್ತೀಚಿನ ವರ್ಷಗಳ ಅತಿ ಮುಖ್ಯ ಸುದ್ದಿ ಇದು, ಯಾವ ಹೊಸ ಔಷಧಿಯೂ ಅಲ್ಲ.

ನಮ್ಮಲ್ಲಿ 30 ದಾಟಿದ ಎಲ್ಲರ ಒತ್ತಡ ನೋಡುವ ವ್ಯವಸ್ಥೆ ಇದೆ, ಒತ್ತಡದ ಮಾತ್ರೆ ಅಮ್ಲೋಡಿಪಿನ್ ಉಚಿತವಾಗಿ ಸಿಗುತ್ತದೆ. ಹಾಗಿದ್ದೂ ಎಲ್ಲಿ ತಪ್ಪುತ್ತದೆ? ಮೂರು ಕಡೆ. ಒತ್ತಡ 160 ಇದ್ದರೂ 5 ಮಿಲಿಗ್ರಾಂ ಮಾತ್ರೆ ಶುರುಮಾಡಿ, ಮುಂದಿನ ಭೇಟಿಯಲ್ಲಿ 150 ಇದ್ದರೆ "ಪರವಾಗಿಲ್ಲ, ಇಳಿದಿದೆ" ಎಂದು ಅದನ್ನೇ ಮುಂದುವರಿಸುತ್ತೇವೆ, ಎರಡನೇ ಔಷಧಿ ಸೇರಿಸುವುದಿಲ್ಲ. ಒಂದು ತಿಂಗಳಿಗೆ ಬದಲು ಹತ್ತು ದಿನದ ಮಾತ್ರೆ ಕೊಡುತ್ತೇವೆ, ಕೂಲಿ ಬಿಟ್ಟು ತಿಂಗಳಿಗೆ ಮೂರು ಸಲ ಯಾರೂ ಬರುವುದಿಲ್ಲ. ತಲೆನೋವಿಲ್ಲ, ಸುಸ್ತಿಲ್ಲ, ಹಾಗಾಗಿ ಒತ್ತಡವೂ ಇಲ್ಲ ಎಂದುಕೊಂಡು ಜನ ಬಿಡುತ್ತಾರೆ, ಬಿಟ್ಟವರನ್ನು ಹುಡುಕಿ ಕರೆತರುವವರು ಇಲ್ಲ. ಮಧ್ಯವಯಸ್ಸಿನಲ್ಲಿ, ಅಂದರೆ 40ರಿಂದಾಚೆಗೆ, ಮೇಲಿನ ಅಂಕಿ 130ರ ಒಳಗಿರಬೇಕು. ತೀರಾ ವಯಸ್ಸಾಗಿ, ಕೃಶರಾಗಿ, ಎದ್ದು ನಿಂತರೆ ತಲೆಸುತ್ತುವವರಲ್ಲಿ ಇದೇ ಗುರಿಯನ್ನು ಹಟ ಹಿಡಿದು ಒತ್ತಬಾರದು. ಬಿದ್ದು ತಲೆಗೆ ಪೆಟ್ಟಾದರೆ ಅದು ಇನ್ನೊಂದು ಅಪಾಯ. ನಿಲ್ಲಿಸಿಯೂ ಒತ್ತಡ ಅಳೆಯಿರಿ.

ಎರಡನೆಯದು ಕಿವಿ. ಕೇಳಿಸದವರು ಮಾತು ಬಿಡುತ್ತಾರೆ, ಜಗಲಿಗೆ ಬರುವುದನ್ನು ಬಿಡುತ್ತಾರೆ, ಮಿದುಳಿಗೆ ಬರುವ ಸದ್ದಿನ ಸಂಚಾರವೇ ಕಡಿಮೆಯಾಗುತ್ತದೆ. 2023ರಲ್ಲಿ ಅಮೆರಿಕದ ಅಚೀವ್ ಪ್ರಯೋಗದಲ್ಲಿ ಶ್ರವಣ ಸಾಧನ ಕೊಟ್ಟದ್ದರಿಂದ ಎಲ್ಲರನ್ನೂ ಸೇರಿಸಿ ನೋಡಿದಾಗ ವ್ಯತ್ಯಾಸ ಕಾಣಲಿಲ್ಲ. ಆದರೆ ಮೊದಲೇ ಹೆಚ್ಚು ಅಪಾಯವಿದ್ದ ಗುಂಪಿನಲ್ಲಿ ಮೂರು ವರ್ಷಗಳ ಮನಶ್ಶಕ್ತಿಯ ಇಳಿಕೆ ಅರ್ಧದಷ್ಟು ನಿಧಾನವಾಯಿತು. ಬಡ ಹಿರಿಯರಿಗೆ ಶ್ರವಣ ಸಾಧನ, ಕನ್ನಡಕ, ಊರುಗೋಲು ಕೊಡುವ ರಾಷ್ಟ್ರೀಯ ವಯೋಶ್ರೀ ಯೋಜನೆ 2017ರಿಂದ ಇದೆ, ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯೂ ಇದೆ. ಸಾಧನ ಹಂಚಿದ ಮೇಲೆ ಅದು ಪೆಟ್ಟಿಗೆಯಲ್ಲಿ ಉಳಿಯಲು ಕಾರಣಗಳು ಗೊತ್ತಿರುವವೇ: ಪ್ರತಿಯೊಬ್ಬರ ಕಿವಿಗೆ ತಕ್ಕಂತೆ ಹೊಂದಿಸಿಲ್ಲ, ಎಲ್ಲ ಸದ್ದೂ ಒಂದೇ ಸಮ ಗದ್ದಲವಾಗಿ ಕೇಳುತ್ತದೆ, ಬ್ಯಾಟರಿ ಊರಲ್ಲಿ ಸಿಗುವುದಿಲ್ಲ, ಅಚ್ಚಿನಲ್ಲಿ ಮೇಣ ಕಟ್ಟಿದೆ. ಮೊದಲ ವಾರ ದಿನಕ್ಕೆ ಒಂದೆರಡು ಗಂಟೆ, ಸದ್ದಿಲ್ಲದ ಕೋಣೆಯಲ್ಲಿ, ಒಬ್ಬರ ಜೊತೆ ಮಾತಾಡುವಾಗ ಹಾಕಿಸಿ, ಆಮೇಲೆ ನಿಧಾನ ಹೆಚ್ಚಿಸಿ. ಅದಕ್ಕೂ ಮೊದಲು ಕಿವಿಯಲ್ಲಿ ಗುಗ್ಗೆ ಗಟ್ಟಿಯಾಗಿ ಕೂತಿಲ್ಲವೇ ನೋಡಿ. ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯನ್ನೂ "ಈ ವಯಸ್ಸಿಗೇಕೆ" ಎಂದು ಮುಂದೂಡಬೇಡಿ.

ಮೂರನೆಯದು ಹುಡುಗಿಯರ ಓದು. ಲಾಸಿ-ಡ್ಯಾಡ್‌ನಲ್ಲಿ ಹೆಂಗಸರಲ್ಲಿ ನೂರಕ್ಕೆ 9, ಗಂಡಸರಲ್ಲಿ 5.8 ಎಂಬ ಅಂತರಕ್ಕೆ ದೊಡ್ಡ ಕಾರಣ, ಇವತ್ತು ಎಪ್ಪತ್ತು ದಾಟಿದ ಹೆಂಗಸರಲ್ಲಿ ಹೆಚ್ಚಿನವರನ್ನು ಶಾಲೆಗೆ ಕಳಿಸಲೇ ಇಲ್ಲ ಎಂಬುದು. ಎಂಟನೇ ತರಗತಿಗೆ ಶಾಲೆ ಬಿಡುವ ಹುಡುಗಿಯನ್ನು ಹತ್ತು, ಹನ್ನೆರಡರವರೆಗೆ ಉಳಿಸಿಕೊಳ್ಳುವುದು ಐವತ್ತು ವರ್ಷಗಳ ನಂತರದ ಡಿಮೆನ್ಷಿಯಾದ ಕಾರ್ಯಕ್ರಮ. ಭಾಷೆಯ ಬಗ್ಗೆಯೂ ಒಂದು ಮಾತು ಸೇರಿಸುತ್ತೇನೆ. ಹೈದರಾಬಾದಿನ 648 ರೋಗಿಗಳ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಎರಡು ಅಥವಾ ಹೆಚ್ಚು ಭಾಷೆ ಆಡುವವರಲ್ಲಿ ಕಾಯಿಲೆ ಸರಾಸರಿ 4.5 ವರ್ಷ ತಡವಾಗಿ ಕಾಣಿಸಿಕೊಂಡಿತ್ತು, ಅನಕ್ಷರಸ್ಥರಲ್ಲೂ ಈ ವ್ಯತ್ಯಾಸ ಇತ್ತು. ಕೋಲಾರದಲ್ಲಿ ಕನ್ನಡ ತೆಲುಗು, ದಕ್ಷಿಣ ಕನ್ನಡದಲ್ಲಿ ತುಳು ಕೊಂಕಣಿ ಕನ್ನಡ ಆಡುತ್ತಾ ಬೆಳೆದವರಿಗೆ ಇದು ಸಮಾಧಾನದ ಸುದ್ದಿ, ಚಿಕಿತ್ಸೆಯೇನೂ ಅಲ್ಲ.

ಔಷಧಿಗಳ ಬಗ್ಗೆ ನೇರವಾಗಿ

ಆಲ್ಝೈಮರ್‌ಗೆಂದು ಬಂದ ಹೊಸ ಔಷಧಿಗಳಲ್ಲಿ ಲೆಕನೆಮಾಬ್ 2023ರಲ್ಲಿ, ಡೊನನೆಮಾಬ್ 2024ರಲ್ಲಿ ಅಮೆರಿಕದಲ್ಲಿ ಪೂರ್ಣ ಅನುಮತಿ ಪಡೆದವು. ಮಿದುಳಿನಲ್ಲಿ ಜಮೆಯಾಗುವ ಅಮಿಲಾಯ್ಡ್ ಪ್ರೋಟೀನನ್ನು ಇವು ತೆಗೆಯುತ್ತವೆ. ಲೆಕನೆಮಾಬ್ 18 ತಿಂಗಳಲ್ಲಿ ಇಳಿಕೆಯನ್ನು ನೂರಕ್ಕೆ 27ರಷ್ಟು ನಿಧಾನಗೊಳಿಸಿತು. ಕಳೆದುಹೋದ ನೆನಪು ಮರಳುವುದಿಲ್ಲ. ಕಾಯಿಲೆಯ ಆರಂಭದ ಹಂತದವರಿಗೆ ಮಾತ್ರ, ಅಮಿಲಾಯ್ಡ್ ಇದೆ ಎಂದು ಪೆಟ್ ಸ್ಕ್ಯಾನ್ ಅಥವಾ ಬೆನ್ನುಹುರಿ ದ್ರವದಿಂದ ಖಚಿತವಾದ ಮೇಲೆ, ಲೆಕನೆಮಾಬನ್ನು ಮೊದಲ ಹಂತದಲ್ಲಿ ಎರಡು ವಾರಕ್ಕೊಮ್ಮೆ ರಕ್ತನಾಳಕ್ಕೆ ಹನಿಸಬೇಕು. ಮಿದುಳಿನಲ್ಲಿ ಬಾವು ಅಥವಾ ಸಣ್ಣ ರಕ್ತಸ್ರಾವ ಆಗುತ್ತಿಲ್ಲವೇ ಎಂದು ಮತ್ತೆ ಮತ್ತೆ ಎಂಆರ್‌ಐ ಮಾಡಬೇಕು. ಬಿಡುಗಡೆಯಾದಾಗ ಅಮೆರಿಕದಲ್ಲಿ ವರ್ಷಕ್ಕೆ 26,500 ಡಾಲರ್ ಬೆಲೆ. ವಿಜ್ಞಾನದ ದೃಷ್ಟಿಯಿಂದ ದೊಡ್ಡ ಹೆಜ್ಜೆ. ಆದರೆ ಇದಕ್ಕಾಗಿ ಜಮೀನು ಮಾರಲು ಹೊರಟ ಕುಟುಂಬಕ್ಕೆ ಬೇಡ ಎಂದೇ ಹೇಳುತ್ತೇನೆ.

ಹಳೆಯ ಡೊನೆಪೆಜಿಲ್ ಅಗ್ಗದ್ದು, ಕೆಲವರಲ್ಲಿ ಸ್ವಲ್ಪ ಕಾಲ ಸಹಾಯ ಮಾಡುತ್ತದೆ. 5 ಮಿಲಿಗ್ರಾಂನಿಂದ ಶುರುಮಾಡಿ ನಾಲ್ಕಾರು ವಾರದ ನಂತರ 10ಕ್ಕೆ ಏರಿಸುತ್ತಾರೆ. ಕೊಡುವ ಮೊದಲು ನಾಡಿ ನೋಡಿ, ಅದು ಹೃದಯದ ಬಡಿತವನ್ನು ನಿಧಾನಿಸಿ ಬವಳಿ ತರಬಹುದು. ಹಸಿವು ಹೋಗಿ ತೂಕ ಇಳಿಯುತ್ತಿದ್ದರೆ ನಿಲ್ಲಿಸುವ ಬಗ್ಗೆ ಯೋಚಿಸಿ. ಕೂಗಾಟ, ಸಿಟ್ಟಿಗೆ ಕೊಡುವ ರಿಸ್ಪೆರಿಡೋನ್, ಕ್ವೆಟಿಯಾಪಿನ್‌ನಂಥ ಮಾತ್ರೆಗಳು ಡಿಮೆನ್ಷಿಯಾ ಇರುವ ಹಿರಿಯರಲ್ಲಿ ಸಾವಿನ ಅಪಾಯವನ್ನು ಹೆಚ್ಚಿಸುತ್ತವೆ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2005ರಲ್ಲೇ ಎಚ್ಚರಿಸಿದೆ. ಬೇರೆ ದಾರಿಯೇ ಇಲ್ಲದಾಗ, ಅತಿ ಕಡಿಮೆ ಪ್ರಮಾಣದಲ್ಲಿ, ನಿಲ್ಲಿಸುವ ದಿನವನ್ನೂ ಬರೆದು ಕೊಡಬೇಕು. ಆ ದಿನ ಬರೆಯದ್ದರಿಂದಲೇ ಎಷ್ಟೋ ಮನೆಗಳಲ್ಲಿ ಅದು ವರ್ಷಗಟ್ಟಲೆ ನಡೆಯುತ್ತದೆ.

ಮನೆಯ ಆರೈಕೆ

ಗೋವಾದಲ್ಲಿ 81 ಕುಟುಂಬಗಳ ಮೇಲೆ ನಡೆದ ಪ್ರಯೋಗದ ಫಲಿತಾಂಶ 2008ರಲ್ಲಿ ಪ್ರಕಟವಾಯಿತು. ಸ್ಥಳೀಯರನ್ನೇ ತರಬೇತುಗೊಳಿಸಿ ಮನೆಮನೆಗೆ ಸಲಹೆಗಾರರಾಗಿ ಆರು ತಿಂಗಳು ಕಳಿಸಿದರು, ಅವರ ಹಿಂದೆ ಮನೋವೈದ್ಯರಿದ್ದರು. ಅವರು ಮಾಡಿದ್ದು ಕಾಯಿಲೆ ಏನೆಂದು ತಿಳಿಹೇಳುವುದು, ವರ್ತನೆಯನ್ನು ನಿಭಾಯಿಸಲು ಕಲಿಸುವುದು, ಸರ್ಕಾರಿ ಸವಲತ್ತಿನ ದಾರಿ ತೋರಿಸುವುದು. ಆರೈಕೆ ಮಾಡುವವರ ಮಾನಸಿಕ ಆರೋಗ್ಯ ಸುಧಾರಿಸಿತು. ಕರ್ನಾಟಕದ ಯಾವ ತಾಲ್ಲೂಕಿನಲ್ಲಾದರೂ ಇದನ್ನು ಮಾಡಬಹುದು. ಅಂಥ ಸಲಹೆಗಾರರು ಕಲಿಸಬೇಕಾದದ್ದೇನು?

ಕಷ್ಟದ ವರ್ತನೆ ಬಂದಾಗ ಮೊದಲು ನೋವು, ಹಸಿವು, ಮಲಬದ್ಧತೆ, ಒದ್ದೆ ಬಟ್ಟೆ, ಜ್ವರ ಇವನ್ನು ನೋಡುವುದು. ಬಾಯಲ್ಲಿ ಹೇಳಲಾಗದ ಹಲ್ಲುನೋವು ಕೂಗಾಟವಾಗಿ ಹೊರಬರುತ್ತದೆ. ಆಮೇಲೆ ಒಂದು ನೋಟ್‌ಬುಕ್ಕಿನಲ್ಲಿ ಒಂದು ವಾರ ಬರೆಯುವುದು: ಏನಾಯಿತು, ಎಷ್ಟು ಗಂಟೆಗೆ, ಅದಕ್ಕೆ ಮುಂಚೆ ಏನು ನಡೆಯುತ್ತಿತ್ತು, ನಾವು ಏನು ಮಾಡಿದೆವು. ಸಂಜೆ ಐದಕ್ಕೇ ಯಾವಾಗಲೂ ಗಲಾಟೆ ಎಂದು ಗೊತ್ತಾದರೆ, ನಾಲ್ಕೂವರೆಗೇ ದೀಪ ಹಾಕಿ, ಟೀವಿಯ ಸುದ್ದಿ ಆರಿಸಿ, ಕಾಫಿಯ ಬದಲು ಹಾಲು ಕೊಟ್ಟು, ಕೈಗೆ ಸೊಪ್ಪು ಬಿಡಿಸುವಂಥ ಕೆಲಸ ಕೊಡಬಹುದು.

ಸೊಸೆ ಒಡವೆ ಕದ್ದಳು ಎಂಬ ಆಪಾದನೆ ನಮ್ಮ ಮನೆಗಳನ್ನು ಒಡೆದಷ್ಟು ಇನ್ನಾವ ಲಕ್ಷಣವೂ ಒಡೆದಿಲ್ಲ. ತಾನು ಇಟ್ಟದ್ದು ನೆನಪಿಲ್ಲದಿದ್ದಾಗ ಮಿದುಳು ಆ ಖಾಲಿ ಜಾಗವನ್ನು ಹಾಗೆ ತುಂಬಿಕೊಳ್ಳುತ್ತದೆ. ವಾದ ಮಾಡಿ ಗೆಲ್ಲಲಾಗದು. "ಹೌದೇ, ಬನ್ನಿ ಹುಡುಕೋಣ" ಎನ್ನಿ. ಬೆಲೆಬಾಳುವುದನ್ನು ಲಾಕರ್‌ಗೆ ಹಾಕಿ, ಕೀಲಿಕೈ ಮತ್ತು ಕನ್ನಡಕ ಎರಡೆರಡು ಇಟ್ಟುಕೊಳ್ಳಿ, ಇಡುವ ಮೂಲೆಗಳನ್ನು ಗುರುತು ಮಾಡಿಕೊಳ್ಳಿ. ಮುಖ್ಯವಾಗಿ, ಊರಿಂದ ಬಂದ ಬೇರೆ ಮಕ್ಕಳು ಆ ಆಪಾದನೆಯನ್ನು ನಂಬಬೇಡಿ. ವೈದ್ಯರು ಇದನ್ನು ಇಡೀ ಕುಟುಂಬವನ್ನು ಕೂರಿಸಿಕೊಂಡೇ ಹೇಳಬೇಕು.

ಸ್ನಾನಕ್ಕೆ ಹಟ ಮಾಡಿದರೆ ದಿನಾ ಸ್ನಾನ ಬೇಕೆಂದಿಲ್ಲ, ವಾರಕ್ಕೆ ಎರಡು ಮೂರು ಸಾಕು, ಉಳಿದ ದಿನ ಒದ್ದೆ ಬಟ್ಟೆಯಲ್ಲಿ ಒರೆಸಿ. ತಲೆಯ ಮೇಲೆ ನೀರು ಸುರಿಯುವುದೇ ಹೆದರಿಕೆಯ ಮೂಲ, ಪಾದದಿಂದ ಶುರುಮಾಡಿ. ಚೊಂಬನ್ನು ಅವರ ಕೈಗೇ ಕೊಡಿ. ಕೂರಲು ಜಾರದ ಪ್ಲಾಸ್ಟಿಕ್ ಕುರ್ಚಿ, ಗೋಡೆಗೆ ಹಿಡಿಕೆ, ಒಳಚಿಲಕ ತೆಗೆದ ಬಾಗಿಲು ಇರಲಿ. ಮೂತ್ರಕ್ಕೆ ಕೇಳುವವರೆಗೆ ಕಾಯದೆ ಎರಡು ಗಂಟೆಗೊಮ್ಮೆ ಕರೆದೊಯ್ಯಿರಿ. ಮನೆಯಿಂದ ಹೊರಟುಹೋಗುವವರಿಗೆ ಫೋನ್ ನಂಬರ್ ಹೊಲಿದ ಅಂಗಿ, ಇತ್ತೀಚಿನ ಒಂದು ಫೋಟೋ, ಬಾಗಿಲ ಮೇಲ್ತುದಿಯಲ್ಲಿ ಚಿಲಕ, ಕಿರಾಣಿ ಅಂಗಡಿಯವರಿಗೂ ಆಟೋ ನಿಲ್ದಾಣದವರಿಗೂ ಮೊದಲೇ ಒಂದು ಮಾತು. ಕಾಣೆಯಾದರೆ ಮೊದಲ ಗಂಟೆಯಲ್ಲೇ ಪೊಲೀಸರಿಗೆ ಹೇಳಿ, ಹಳೆಯ ಮನೆ, ಹಳೆಯ ಕೆಲಸದ ಜಾಗದ ದಾರಿಯಲ್ಲಿ ಮೊದಲು ಹುಡುಕಿ. ಜಪಾನಿನಲ್ಲಿ 2005ರಿಂದ ಅಂಗಡಿ, ಬ್ಯಾಂಕ್, ಶಾಲೆಯ ಜನರಿಗೆ 90 ನಿಮಿಷದ ಪಾಠ ಹೇಳುತ್ತಾರೆ, ಕಲಿತವರಿಗೆ ಬಹುಕಾಲ ಕಿತ್ತಳೆ ಬಣ್ಣದ ಕೈಪಟ್ಟಿ ಕೊಡುತ್ತಿದ್ದರು, ಹಾಗೆ ಕಲಿತವರು ಕೋಟಿ ದಾಟಿದ್ದಾರೆ. ನಮ್ಮ ಸ್ವಸಹಾಯ ಸಂಘಗಳ ಸಭೆಯಲ್ಲಿ ಇಂಥ ಪಾಠಕ್ಕೆ ಕಟ್ಟಡವೂ ಬೇಡ, ಬಜೆಟ್ಟೂ ಹೆಚ್ಚು ಬೇಡ.

ಕೊನೆಯ ಹಂತದಲ್ಲಿ ನುಂಗುವುದು ಕಷ್ಟವಾಗುತ್ತದೆ. ನೀರಿಗಿಂತ ಗಂಜಿ, ರಾಗಿ ಅಂಬಲಿಯಂಥ ಮಂದ ಪದಾರ್ಥ ಸುಲಭ. ನೇರ ಕೂರಿಸಿ, ಗದ್ದ ಸ್ವಲ್ಪ ಕೆಳಗೆ, ಸಣ್ಣ ಚಮಚ, ನುಂಗಿದ್ದು ಖಚಿತವಾದ ಮೇಲೆ ಮುಂದಿನ ತುತ್ತು, ಊಟದ ನಂತರ ಅರ್ಧ ಗಂಟೆ ಮಲಗಿಸಬಾರದು. ಮೂಗಿನ ನಳಿಗೆ ಆಯುಷ್ಯವನ್ನು ಹೆಚ್ಚಿಸುತ್ತದೆ ಎಂಬುದಕ್ಕೆ ಆಧಾರವಿಲ್ಲ, ನ್ಯುಮೋನಿಯಾವನ್ನೂ ಅದು ತಡೆಯುವುದಿಲ್ಲ. ಕೈತುತ್ತು ಎಷ್ಟು ಹೋಗುತ್ತದೋ ಅಷ್ಟು ಕೊಡುವುದು ನಿರ್ಲಕ್ಷ್ಯವಲ್ಲ. ನಳಿಗೆ ಹಾಕಿಸದ ಮಕ್ಕಳ ಮೇಲೆ ನೆಂಟರು ಹೊರಿಸುವ ಅಪರಾಧದ ಭಾರವನ್ನು ವೈದ್ಯರು ಬಾಯಿಬಿಟ್ಟು ಇಳಿಸಬೇಕು.

ಹಣ, ಕಾಗದ, ದಾಖಲೆ

2024ರ ಅಕ್ಟೋಬರ್‌ನಿಂದ 70 ದಾಟಿದ ಎಲ್ಲರಿಗೂ ಆಯುಷ್ಮಾನ್ ಭಾರತ್‌ನಲ್ಲಿ 5 ಲಕ್ಷದವರೆಗೆ ರಕ್ಷಣೆ ಇದೆ. ಅದು ಆಸ್ಪತ್ರೆಗೆ ದಾಖಲಾದಾಗಿನದು. ಡಿಮೆನ್ಷಿಯಾದ ಖರ್ಚು ಬಹುಪಾಲು ಮನೆಯಲ್ಲಿ: ಡೈಪರ್, ಆಯಾ, ಕೆಲಸ ಬಿಟ್ಟ ಮಗಳ ಸಂಬಳ. ವಾರಕ್ಕೆ ಎರಡು ದಿನ ಹಗಲು ಹೊತ್ತು ನೋಡಿಕೊಳ್ಳುವ ಕೇಂದ್ರ ತಾಲ್ಲೂಕಿಗೊಂದು ಇದ್ದರೆ ಆ ಮಗಳು ಕೆಲಸ ಉಳಿಸಿಕೊಳ್ಳುತ್ತಾಳೆ. ನಾವು ಸರ್ಕಾರವನ್ನು ಕೇಳಬೇಕಾದದ್ದು ಇದನ್ನು. ಸಹಾಯಕ್ಕೆ ಹಿರಿಯರ ಸಹಾಯವಾಣಿ 14567, ಆರೈಕೆ ಮಾಡುವವರ ಮನಸ್ಸು ಕುಸಿದಾಗ ಟೆಲಿ ಮನಸ್ 14416.

ಕಾಗದದ ಕೆಲಸ ರೋಗ ಗೊತ್ತಾದ ಮೊದಲ ತಿಂಗಳುಗಳಲ್ಲೇ ಆಗಬೇಕು. ಬಹಳ ಜನ ಪವರ್ ಆಫ್ ಅಟಾರ್ನಿ ಮಾಡಿಸಿ ನೆಮ್ಮದಿಯಾಗಿರುತ್ತಾರೆ. ನಮ್ಮ ಕರಾರು ಕಾಯ್ದೆಯ 201ನೇ ವಿಧಿಯಂತೆ, ಬರೆದುಕೊಟ್ಟವರ ಬುದ್ಧಿ ಸ್ವಸ್ಥವಿಲ್ಲದಾದಾಗ ಆ ಅಧಿಕಾರವೂ ಕೊನೆಯಾಗುತ್ತದೆ, ಅಂದರೆ ಬೇಕಾದ ಹೊತ್ತಿಗೇ ಅದು ಇರುವುದಿಲ್ಲ. ವಿಲ್, ನಾಮನಿರ್ದೇಶನ, ಬ್ಯಾಂಕ್ ಖಾತೆಗೆ ಜಂಟಿ ಹೆಸರು, ಮಾನಸಿಕ ಆರೋಗ್ಯ ಕಾಯ್ದೆ 2017ರ ಪ್ರಕಾರ ಮುಂದೆ ಎಂಥ ಚಿಕಿತ್ಸೆ ಬೇಕೆಂದು ಮೊದಲೇ ಬರೆದಿಡುವ ಮುಂಗಡ ನಿರ್ದೇಶನ ಇವನ್ನು ತಿಳಿವಳಿಕೆ ಇರುವಾಗಲೇ, ಅದನ್ನು ದೃಢಪಡಿಸುವ ವೈದ್ಯರ ಪತ್ರದ ಜೊತೆ ಮಾಡಿಸಿ. ತಡವಾದರೆ ಪಾಲಕರ ನೇಮಕಕ್ಕೆ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಗುತ್ತದೆ.

ಕೊನೆಯದಾಗಿ ವೈದ್ಯ ಮಿತ್ರರಿಗೆ. ಜಗತ್ತಿನಲ್ಲಿ ಸಾವಿನ ಮುಖ್ಯ ಕಾರಣಗಳಲ್ಲಿ ಡಿಮೆನ್ಷಿಯಾ ಏಳನೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮ ಜಿಲ್ಲೆಗಳ ದಾಖಲೆಯಲ್ಲಿ ಅದು ಕಾಣುವುದೇ ಅಪರೂಪ, ಏಕೆಂದರೆ ಮರಣದ ಕಾರಣ ಬರೆಯುವ 4 ಮತ್ತು 4ಎ ನಮೂನೆಗಳಲ್ಲಿ "ಹೃದಯ ಸ್ತಂಭನ" ಎಂದು ಬರೆದು ಸಹಿ ಹಾಕುತ್ತೇವೆ. ಹೃದಯ ಎಲ್ಲರದ್ದೂ ನಿಲ್ಲುತ್ತದೆ, ಅದು ಕಾರಣವಲ್ಲ. ಎಂಟು ವರ್ಷ ಆಲ್ಝೈಮರ್ ಇದ್ದು, ಆಹಾರ ಶ್ವಾಸನಾಳಕ್ಕೆ ಹೋಗಿ ನ್ಯುಮೋನಿಯಾದಿಂದ ತೀರಿಕೊಂಡರೆ ಮೊದಲ ಭಾಗದ ಮೇಲಿನ ಸಾಲಿನಲ್ಲಿ ನ್ಯುಮೋನಿಯಾ, ಅದರ ಕೆಳಗೆ ನುಂಗುವ ತೊಂದರೆ, ಅದರ ಕೆಳಗೆ ಮೂಲ ಕಾರಣವಾಗಿ ಆಲ್ಝೈಮರ್ ಕಾಯಿಲೆ, ಎದುರಿಗೆ ಅವಧಿ ಎಂಟು ವರ್ಷ ಎಂದು ಬರೆಯಿರಿ. ಯಾವ ವಿಧವೆಂದು ಖಚಿತವಿಲ್ಲದಿದ್ದರೆ ಡಿಮೆನ್ಷಿಯಾ ಎಂದಷ್ಟೇ ಬರೆದರೂ ಸಾಕು. ಜಿಲ್ಲೆಯಲ್ಲಿ ಎಷ್ಟು ಹಾಸಿಗೆ, ಎಷ್ಟು ಹಗಲು ಕೇಂದ್ರ ಬೇಕೆಂದು ಮುಂದಿನ ವರ್ಷ ಕೇಳುವಾಗ ನಮ್ಮ ಕೈಯಲ್ಲಿ ಇರಬೇಕಾದ ಲೆಕ್ಕ ಆ ಸಾಲುಗಳಿಂದಲೇ ಬರುತ್ತದೆ.